ಶ್ಯಾಮಲ ತೋರಿಸಿದ ಖಾಲಿ ಕೋಣೆ

ಶ್ಯಾಮಲಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ನಾನು ಬೆಂಚಿನ ಮೇಲೆ ಕೂತಿದ್ದೆ. ಮಾರಿಕುಪ್ಪಂ ರೈಲಿನಿಂದ ಕನಕಮ್ಮ ಇಳಿದಳು. ಅವಳು ನನ್ನ ತವರು ಬೂದಿಕೋಟೆಯವಳೇ, ನನ್ನನ್ನು ಆದಕ್ಕ ಎಂದು ಕರೆಯುತ್ತಾಳೆ. ಕೆಜಿಎಫ್‌ನ ಗಣಿ ಕೆಲಸದವರ ಲೈನ್ ಮನೆಗಳಲ್ಲಿ ವೀಳ್ಯದೆಲೆ ಮಾರುತ್ತಾಳೆ. ಆವತ್ತು ಬುಟ್ಟಿಯ ಎಲೆ ಹೋದ ಹಾಗೇ ವಾಪಸು ಬಂದಿತ್ತು.

"ಯಾಕೆ ಕನಕಾ, ವ್ಯಾಪಾರ ಆಗ್ಲಿಲ್ವಾ?"

"ವ್ಯಾಪಾರ ಆಳಾಗ್ಲಿ. ಆದಕ್ಕಾ, ನೀನು ಯಾರೂ ಬರ್ದೇ ಇರೋ ಸಿನಿಮಾ ನೋಡಿದ್ದೀಯಾ?"

"ಯಾರೂ ಬರ್ದಿದ್ರೆ ಅದ್ಯಾತರ ಸಿನಿಮಾನೇ?"

"ನಗ್ಬೇಡ. ಮೈಸೂರು ಮೈನ್ಸ್ ಲೈನಲ್ಲಿ ಶ್ಯಾಮಲ ಅಂತ ಒಬ್ಳವ್ಳೆ. ಎಲೆ ಕೊಡೋಕೆ ಓದೆ. ಟಿವಿ ಮುಂದೆ ಕೂತಿದ್ಲು. ಟಿವೀಲಿ ಒಂದು ರೂಮು. ಬರೀ ರೂಮು. ಈಗ ಬತ್ತಾರೆ, ಆಗ ಬತ್ತಾರೆ ಅಂತ ನಾನೂ ಕೂತೆ. ಒಂದು ನರಪಿಳ್ಳೆ ಬರ್ಲಿಲ್ಲ. ಆದ್ರೂ ಒಳಗೆ ಯಾರೋ ಅವ್ರೆ ಅನ್ನಿಸ್ತಿತ್ತು ಕಣಕ್ಕಾ. ತಲೆ ತಿರುಗಿಸಿದ್ರೆ ಅವಳ ಮನೇನೂ ಅಂಗೇ ಕಾಣ್ತಿತ್ತು. ಎದ್ದು ಬಂದ್ಬಿಟ್ಟೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಉಳಿದದ್ದನ್ನೂ ಹೇಳಿದಳು. ಶ್ಯಾಮಲಳ ಗಂಡ ಪೆರುಮಾಳ್. ಗಣಿ ಮುಚ್ಚಿದ ಮೇಲೆ ಅವನಿಗೆ ಕೆಲಸ ಇರಲಿಲ್ಲ. ಒಂದು ಮಧ್ಯಾಹ್ನ ಉಣ್ಣುತ್ತಾ ಕೂತವನನ್ನು ಹಿತ್ತಲಿನಿಂದ ಯಾರೋ ಹೆಸರು ಹಿಡಿದು ಕೂಗಿದರಂತೆ. "ಬಂದೆ" ಎಂದು ಎಂಜಲು ಕೈಯಲ್ಲೇ ಎದ್ದು ಹೋದ. ಬರಲಿಲ್ಲ. ಗಣಿಗೆ ಇಳಿಯುವ ಹಳೇ ಶಾಫ್ಟಿಗೆ ಬಿದ್ದ ಎಂದರು. ಆಂಬೂರಿನಲ್ಲಿ ಕಂಡೆ ಎಂದವರೂ ಉಂಟು. ಹೆಣವೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ.

"ಇವತ್ತಿಗೂ ಅಣೆ ತುಂಬ ಕುಂಕುಮ ಇಕ್ಕೊಂಡವ್ಳೆ. ಒಂದು ಎಡೆ ಇಕ್ಕಿಲ್ಲ ಪಾಪಿ," ಎಂದಳು ಕನಕ.

ಹಿರಿಯರ ಹಬ್ಬಕ್ಕೆ ನಾವು ಸತ್ತವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಮಾಡಿ ಬಡಿಸಿ, ಮನೆಯವರೆಲ್ಲ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಬೆನ್ನು ತಿರುಗಿಸಿ ನಿಲ್ಲುತ್ತೇವೆ. ಬಂದವರು ನಾಚದೆ ಉಣ್ಣಲಿ ಎಂದು. ಆಮೇಲೆ ಕೆಮ್ಮಿ, ಸದ್ದು ಮಾಡಿ ಒಳಗೆ ಹೋಗುತ್ತೇವೆ. ಒಬ್ಬನಿಗೆ ಎಡೆ ಇಟ್ಟರೆ ಅವನು ಸತ್ತನೆಂದು ಒಪ್ಪಿಕೊಂಡ ಹಾಗೆ. ಇಡದೆ ಹೋದರೆ, ಅವನು ನಿಜವಾಗಿ ಸತ್ತಿದ್ದರೆ, ಹಸಿದುಕೊಂಡು ಅಲೆಯುತ್ತಾನೆ. ಶ್ಯಾಮಲ ಇವೆರಡರ ನಡುವೆ ಕೂತಿದ್ದಳು. ನಾನೂ ಗಂಡನನ್ನು ಕಳೆದುಕೊಂಡವಳು, ಆದರೆ ನನಗೆ ಹೆಣ ಸಿಕ್ಕಿತ್ತು, ಎಡೆ ಇಡಲು ಅನುಮಾನವಿರಲಿಲ್ಲ. ಅಂಥವಳನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಮಾರನೆಯ ವಾರ ಕನಕನ ಜೊತೆ ಹೋದೆ.

ಲೈನ್ ಮನೆ ಎಂದರೆ ಗೋಡೆಗೆ ಗೋಡೆ ಅಂಟಿದ ಸಾಲು. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಬದುಕು. ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಸೈನೈಡ್ ಗುಡ್ಡ. ಚಿನ್ನದ ಕಲ್ಲನ್ನು ಅರೆದು ಸುರಿದ ಬೂದು ಮಣ್ಣು. ಬಿಸಿಲು ಅದಕ್ಕೆ ಬಡಿದು ಮನೆಯೊಳಗೆ ಬರುತ್ತಿತ್ತು. ಬಂದ ಬೆಳಕಿಗೆ ಬಣ್ಣವೂ ಇರಲಿಲ್ಲ, ಶಾಖವೂ ಇರಲಿಲ್ಲ.

ಶ್ಯಾಮಲ ನೆಲದ ಮೇಲೆ ಕೂತಿದ್ದಳು. ಒಣಕಲು ಮೈ, ದೊಡ್ಡ ಕುಂಕುಮ. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಬಡಿದಿತ್ತು. ನೋಡಿದ ಕಡೆ ನಡುವೆ ಮಸಿ ಚೆಲ್ಲಿದ ಹಾಗೆ, ಅಂಚು ಮಾತ್ರ ಕಾಣುತ್ತದೆ ಎಂದಳು.

"ನನ್ನ ಮುಖ ಕಾಣ್ತೈತೇನಮ್ಮಾ?" ಎಂದೆ.

"ಕಿವಿ ಓಲೆ ಕಾಣ್ತೈತಕ್ಕಾ. ಸಾಕು ಬಿಡು. ಮುಖ ನೋಡಿ ಏನು ಸಂಬಂಧ ಮಾಡ್ಬೇಕಾ?"

ನನಗೆ ಅವಳು ಹಿಡಿಸಿದಳು.

ಅವಳು ಬಹಳ ವರ್ಷ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಹೊರದೇಶದ ಸಿನಿಮಾ ತೋರಿಸುವ ಒಂದು ಸಣ್ಣ ಹಾಲಿನಲ್ಲಿ ಕಸ ಗುಡಿಸುತ್ತಿದ್ದಳು. ಜಪಾನು, ತೈವಾನು, ಇರಾನು, ಥಾಯ್‌ಲ್ಯಾಂಡು. ಗುಡಿಸಿ ಮುಗಿದ ಮೇಲೆ ಹಿಂದಿನ ಗೋಡೆಗೆ ಒರಗಿ ನೋಡುತ್ತಿದ್ದಳು. ಮಾತು ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಬಾರದು. ಆ ಹಾಲ್ ಮುಚ್ಚಿದಾಗ ಬಿಸಾಡಲು ಇಟ್ಟ ಡಿಸ್ಕುಗಳನ್ನು ಕೇಳಿಕೊಂಡು ತಂದಿದ್ದಳು. ಬಿಸ್ಕತ್ತಿನ ಡಬ್ಬದ ತುಂಬ ಇದ್ದವು. ಹೆಸರು ಗೊತ್ತಿಲ್ಲದ್ದರಿಂದ ಅವಳೇ ಹೆಸರಿಟ್ಟಿದ್ದಳು. ಕನ್ನಡಿಯಲ್ಲಿ ರಸ್ತೆ ಕಾಣುವ ಕ್ಷೌರದಂಗಡಿ ಒಂದು. ಒಣಹಾಕಿದ ಬಟ್ಟೆ ತೆಗೆದ ಮೇಲೂ ನೆರಳು ಉಳಿದ ಮಣ್ಣಿನ ಗೋಡೆ ಇನ್ನೊಂದು. ಸೊಳ್ಳೆ ಪರದೆಯೊಳಗೆ ಯಾರೋ ಕೂತಂತಿರುವ ಕಾಡು ಮತ್ತೊಂದು.

ಆವತ್ತು ಹಾಕಿದ್ದು ಜಪಾನಿನ ಮರದ ಮನೆ. ಅಕ್ಕಪಕ್ಕದ ಹೆಂಗಸರೂ ಬಂದು ಕೂತಿದ್ದರು, ಬಿಸಿಲ ಹೊತ್ತಿಗೆ ಬೇರೇನು ಕೆಲಸ. ಟಿವಿಯಲ್ಲಿ ಮುದುಕಿಯೊಬ್ಬಳು ಚಾಪೆ ಗುಡಿಸಿದಳು, ಕುಳ್ಳ ಮಣೆ ತಂದಿಟ್ಟಳು, ಬಟ್ಟಲು ಇಟ್ಟಳು, ಪಕ್ಕದಲ್ಲಿ ನೀರಿಟ್ಟಳು. ಬಾಗಿಲು ಜರುಗಿಸಿ ಹೊರಟು ಹೋದಳು. ಕೋಣೆ ಮಾತ್ರ ಉಳಿಯಿತು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಅದರಾಚೆ ಕತ್ತಲು.

ನಾನು ಎದ್ದೆ. ಕನಕ ಎದ್ದಳು. ಮಿಕ್ಕ ಹೆಂಗಸರೂ ಸೆರಗು ಸರಿಮಾಡಿಕೊಂಡು ಎದ್ದರು. ಯಾರೂ ಯಾರಿಗೂ ಹೇಳಲಿಲ್ಲ. ಹೊರಗೆ ಬಂದು ಬಾಗಿಲು ಮುಂದಕ್ಕೆಳೆದು, ಮನೆಗೆ ಬೆನ್ನು ಹಾಕಿ ರಸ್ತೆ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ನಾನು ಕೆಮ್ಮಿದೆ. ಬಾಗಿಲು ತಳ್ಳಿದೆವು.

ಶ್ಯಾಮಲ ಟಿವಿಯ ಬೆಳಕಿನಲ್ಲಿ ಒಬ್ಬಳೇ ಕೂತಿದ್ದಳು.

"ಎಲ್ರೂ ಎಲ್ಲಿಗೆ ಓದ್ರಿ?"

"ಎಡೆ ಇಟ್ಟವ್ರಲ್ಲಮ್ಮಾ," ಎಂದಳು ಕನಕ. "ನಾವು ಕಣ್ಣು ಬಿಟ್ಕೊಂಡು ಕೂತಿದ್ರೆ ಅವ್ರು ಎಂಗೆ ಉಣ್ತಾರೆ?"

ಶ್ಯಾಮಲಳ ಮುಖ ಬಿಗಿಯಿತು. "ಅದು ಎಡೆ ಅಲ್ಲ! ಎದ್ದು ಓದೋನ ಬಟ್ಲು ಅದು, ಬಿಸಿ ಮಾಡಿ ತಂದಿಕ್ಕವ್ಳೆ. ಈಗ ಬತ್ತಾನೆ."

ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಶ್ಯಾಮಲ ನಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದು ಹೇಳಿದಳು. ಪೆರುಮಾಳ್ ಹೋದ ಮೇಲೆ, ಆ ಹಾಲಿನಲ್ಲಿ ಮೊದಲ ಸಲ ಈ ಕೋಣೆ ಕಂಡಾಗ ಅವಳ ಕೈಯಿಂದ ಪೊರಕೆ ಬಿದ್ದಿತ್ತಂತೆ. ಅವನು ಎದ್ದು ಹೋದ ಮೇಲೆ ತನ್ನ ಮನೆ ಇದ್ದದ್ದು ಹೀಗೇ. ಹಬೆ ಆಡುತ್ತಿದ್ದ ಅನ್ನ, ಪಕ್ಕದಲ್ಲಿ ನೀರು, ಅರ್ಧ ತೆರೆದ ಹಿತ್ತಲ ಬಾಗಿಲು. ಇಷ್ಟು ವರ್ಷ ಅವಳು ಆ ಕೋಣೆಯನ್ನು ನೋಡಿದ್ದು ಅವನು ಬರುವ ಕೋಣೆ ಎಂದೇ. ಅದು ಎಡೆ ಇರಬಹುದು ಎಂದು ಇವತ್ತಿನವರೆಗೂ ಹೊಳೆದಿರಲಿಲ್ಲ.

"ಅಕ್ಕಾ, ಅತ್ರ ಓಗಿ ನೋಡು. ಬಟ್ಲೊಳಗೆ ಅನ್ನ ಮುಟ್ಟಿದಂಗೈತಾ, ಮುಟ್ಟಿಲ್ವಾ? ಮುಟ್ಟಿದ್ರೆ ಉಣ್ತಿದ್ದೋನು ಎದ್ದೋಗವ್ನೆ. ಮುಟ್ಟದೇ ಇದ್ರೆ..."

ಟಿವಿಗೆ ಮೂಗು ತಾಗಿಸಿ ನೋಡಿದೆ. ಬಟ್ಟಲಿನ ಅಂಚು ಕಾಣುತ್ತಿತ್ತು, ಅಂಚಿನ ಮೇಲಿನ ನೀಲಿ ಗೆರೆ ಕಾಣುತ್ತಿತ್ತು. ಒಳಗಿನ ಅನ್ನ ಕಾಣುತ್ತಿರಲಿಲ್ಲ.

"ಕಾಣಲ್ಲಮ್ಮಾ. ಈ ಸಿನಿಮಾ ತೆಗೆದೋನು ನೆಲದ ಮೇಲೆ ಕೂತು ತೆಗೆದವ್ನೆ. ನಿಂತಿದ್ರೆ ಒಳಗೆ ಕಾಣೋದು."

"ಕೂತೇ ತೆಗೆದವ್ನೆ," ಎಂದಳು ನಿಧಾನವಾಗಿ. "ನಾವು ರಾಗಿ ಬೀಸ್ತಾ ಕೂತಂಗೆ. ಅದಕ್ಕೇ ಆ ಮನೆ ನಮ್ಮನೆ ಅನ್ಸೋದು."

ಅಂದಿನಿಂದ ನಾನು ಅವಳಿಗೆ ಕಣ್ಣಾದೆ. ವಾರಕ್ಕೊಂದು ಸಲ ರೈಲು ಹತ್ತುತ್ತಿದ್ದೆ. ಮೊದಮೊದಲು ನಾನು "ಒಬ್ಬಳು ಬಂದಳು, ಕೂತಳು, ಅತ್ತಳು" ಎಂದು ಹೇಳಿದರೆ ಬೈಯುತ್ತಿದ್ದಳು.

"ಕಥೆ ಉಡುಕ್ಬೇಡಕ್ಕಾ. ಕಥೆ ಅನ್ನೋದು ಬಸ್ಸಿದ್ದಂಗೆ, ಬಂದ್ರೆ ಅತ್ಕೊಂಡು ಓಗ್ಬಿಡ್ತೀಯ. ಇದು ಬಸ್ ಸ್ಟಾಪು. ಸುಮ್ನೆ ನಿಂತು ಏನೇನೈತೆ ನೋಡು. ಕತ್ಲು ಎಂಥದು?"

"ಕಪ್ಪು."

"ಕಪ್ಪು ಅಂದ್ರೆ? ಬಾಣಲೆ ಕಪ್ಪಾ? ಬಾವಿ ಕಪ್ಪಾ? ಕೂದ್ಲು ಕಪ್ಪಾ?"

ಯೋಚಿಸಿ ನೋಡಿದೆ. "ಮಳೇಲಿ ನೆಂದ ಹುಣಿಸೆ ಮರದ ಕಪ್ಪು."

"ಆ! ಈಗ ಕಾಣ್ತೈತೆ ನಂಗೆ," ಎಂದು ಕಣ್ಣು ಮುಚ್ಚಿದಳು.

ನಡುವೆ ಇರುವುದನ್ನು ಎಲ್ಲರೂ ನೋಡುತ್ತಾರೆ, ನೀನು ಬಾಗಿಲ ಚೌಕಟ್ಟು ನೋಡು ಎನ್ನುತ್ತಿದ್ದಳು. ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು, ಅದರೊಳಗೆ ಕಿಟಕಿ, ಕಿಟಕಿಯಲ್ಲಿ ದೀಪ ಹಚ್ಚುವ ಮುಂಚಿನ ನೀಲಿ. ಚಿತ್ರದಲ್ಲಿ ಕಾಣದ ಸದ್ದು ಎಲ್ಲಿಂದ ಬರುತ್ತದೆ, ಎಡಗಡೆಯಿಂದಲೋ ಬೆನ್ನ ಹಿಂದಿನಿಂದಲೋ, ಕೇಳು ಎನ್ನುತ್ತಿದ್ದಳು. ಕ್ಷೌರದಂಗಡಿಯಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ, ಕುರ್ಚಿ ಖಾಲಿ. ಸುಮ್ಮನೆ ನೋಡುತ್ತಾ ಹೋದರೆ ಆ ಕುರ್ಚಿಯ ತೊಗಲು ಇನ್ನೂ ಬೆಚ್ಚಗಿದೆ ಎಂದು ಗೊತ್ತಾಗುತ್ತದೆ. ಅದನ್ನು ಯಾರೂ ಹೇಳುವುದಿಲ್ಲ. ತೊಗಲ ಮೇಲೆ ಒಂದು ಗುಳಿ ಇರುತ್ತದೆ, ಅಷ್ಟೆ. ಅವಸರದವರಿಗೆ ಆ ಗುಳಿ ಕಾಣುವುದಿಲ್ಲ.

ಈ ನೋಟ ನನ್ನ ಹಿಂದೆಯೇ ರೈಲು ಹತ್ತಿ ಬಂಗಾರಪೇಟೆಗೂ ಬಂತು. ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತರೆ ಒಲೆ, ಕೊಡ, ಗೋಡೆಗೆ ಒರಗಿಸಿದ ಮಣೆ ಎಲ್ಲ ಯಾರನ್ನೋ ಕಾಯುತ್ತಿರುವ ಹಾಗೆ ಕಾಣುತ್ತಿದ್ದವು. ಮಣೆ ಎಂದಿನಿಂದ ಅಲ್ಲೇ ಇತ್ತು. ಆದರೂ ಈಗ ತಾನೇ ಯಾರೋ ಎದ್ದು ಒರಗಿಸಿ ಹೋದ ಹಾಗಿತ್ತು. ನಲ್ಲಿಯ ನೀರು ತೊಟ್ಟಿಕ್ಕುವುದು ನಿಂತರೆ, ಯಾಕೆ ನಿಂತಿತು ಎಂದು ಕತ್ತು ತಿರುಗುತ್ತಿತ್ತು. ನನ್ನ ಗಂಡ ಸತ್ತಾಗಲೂ ನನಗೆ ಮನೆಯಲ್ಲಿ ಭಯವಾಗಿರಲಿಲ್ಲ. ಇದು ಭಯವೂ ಅಲ್ಲ. ಮನೆ ನನ್ನನ್ನು ನೋಡುತ್ತಿದೆ ಎಂಬ ನಾಚಿಕೆ.

ಒಂದು ದಿನ ಮರದ ಮನೆಯ ಸಿನಿಮಾವನ್ನು ಮತ್ತೆ ಹಾಕಿದ್ದೆವು. ಅದೇ ಕೋಣೆ, ಅದೇ ಹಬೆ. ನಾನು ಒಂದೊಂದೇ ಹೇಳುತ್ತಾ ಹೋದೆ. ಹಿಂದಿನ ಬಾಗಿಲಿಗೆ ಬಂದಾಗ ಮಾತು ನಿಲ್ಲಿಸಿ ಟಿವಿಯ ಹತ್ತಿರಕ್ಕೆ ಬಗ್ಗಿದೆ.

"ಯಾಕಕ್ಕಾ ನಿಲ್ಸಿದೆ?"

"ಕತ್ಲಲ್ಲಿ, ನೆಲದ ಅತ್ರ, ಬೆಳ್ಳಗೆ ಒಂದು ಚೂರು ಐತೆ. ಬಟ್ಟೆ ಅಂಚೋ, ಪಾದವೋ. ಬಾಗ್ಲಾಚೆ ನಿಂತೋರ್ದು."

ಶ್ಯಾಮಲ ಟಿವಿಯ ಕಡೆಗೆ ಜರುಗಿ ಕೂತಳು. ಆಮೇಲೆ, "ನನ್ನ ಕಣ್ಣು ಚೆನ್ನಾಗಿದ್ದಾಗ ಈ ಕೋಣೇನ ಎಷ್ಟು ಸಲ ನೋಡಿದ್ದೀನೋ," ಎಂದಳು. "ಅಲ್ಲಿ ಏನೂ ಇರ್ಲಿಲ್ಲಕ್ಕಾ."

ಕನಕನನ್ನು ಕರೆದು ತೋರಿಸಿದೆ. ಡಿಸ್ಕಿಗೆ ಗೀರು ಬಿದ್ದಿರಬೇಕು ಎಂದಳು. ಇರಬಹುದು. ಆದರೆ ಅಂದಿನಿಂದ ಶ್ಯಾಮಲ ಆ ಬೆಳ್ಳನೆಯ ಚೂರನ್ನೇ ಕೇಳುತ್ತಿದ್ದಳು. ಬಾಗಿಲ ಕಡೆಗೆ ಬಂದಿದೆಯಾ, ಹಿಂದೆ ಸರಿದಿದೆಯಾ? ಇದ್ದಲ್ಲೇ ಇದೆ ಎಂದರೆ ಅರ್ಧ ಸಮಾಧಾನ, ಅರ್ಧ ಸಂಕಟ.

ಆಷಾಢ ಕಳೆಯುವ ಹೊತ್ತಿಗೆ ಅವಳ ಕಣ್ಣಿನ ಅಂಚೂ ಹೋಯಿತು. ಆಗಲೇ ಬೇತಮಂಗಲದಿಂದ ಪೆರುಮಾಳನ ಅಕ್ಕ ಮುನಿರತ್ನಮ್ಮ ಬಂದು ಹೊಸ್ತಿಲಲ್ಲೇ ಕೂತಳು. ನಾನು ಒಳಗಿದ್ದೆ.

"ನನ್ನ ತಮ್ಮ ದಿನಾ ಕನಸಲ್ಲಿ ಬತ್ತವ್ನೆ ಶ್ಯಾಮಲಾ. ಕೈ ಚಾಚ್ತಾನೆ. ಕೈ ತುಂಬ ಒಣಗಿದ ಅನ್ನ. ತೊಳ್ಕೊಳ್ಳೋಕೆ ನೀರು ಕೊಡಕ್ಕಾ ಅಂತಾನೆ. ನೀನು ಕುಂಕುಮದ ಆಸೆಗೆ ಅವ್ನನ್ನ ಉಪವಾಸ ಕೆಡವಿದ್ದೀಯ."

ನನಗೆ ರೇಗಿತು. ಶ್ಯಾಮಲ ನನ್ನ ತೊಡೆ ಒತ್ತಿ ಸುಮ್ಮನಿರಿಸಿದಳು.

"ಇಕ್ತೀನಿ ಅತ್ತಿಗೆ. ಈ ಸಲ ಮಾಲಯ ಅಮಾವಾಸ್ಯೆಗೆ ಇಕ್ತೀನಿ. ಆದ್ರೆ ಕುಂಕುಮ ಅಳಿಸಲ್ಲ. ಸತ್ತಿದ್ರೂ ಬಂದು ಉಣ್ಲಿ, ಬದುಕಿದ್ರೂ ಬಂದು ಉಣ್ಲಿ."

"ಎರಡು ದೋಣಿ ಮೇಲೆ ಕಾಲಿಕ್ತೀಯೇನೇ? ಎಡೆ ತೆಗೆಯೋವಾಗ ಅನ್ನದ ಮೇಲೆ ಬೆರಳ ಗುರುತು ಬಿದ್ದಿದ್ರೆ, ಅವ್ನು ಸತ್ತೋಗವ್ನೆ ಅಂತ್ಲೇ ಅರ್ಥ. ಆಗ ನಿನ್ನ ಕುಂಕುಮ ನಾನೇ ಅಳಿಸ್ತೀನಿ."

"ಗುರುತು ಬಿದ್ದಿದ್ರೆ ಅಳ್ಸು," ಎಂದಳು ಶ್ಯಾಮಲ. "ಆದ್ರೆ ಆದಕ್ಕ ಒಳಗಿರ್ತಾಳೆ. ನೋಡ್ತಾಳೆ."

ಮುನಿರತ್ನಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು. "ಯಾರಾದ್ರೂ ಎಡೆ ಮನೇಲಿ ಕೂರ್ತಾರಾ? ಕಣ್ಣು ಓಯ್ತದೆ!"

"ಅಂಗಾದ್ರೆ ನನ್ನನ್ನೇ ಕೂರ್ಸಿ. ನಂಗೆ ಓಗೋಕೆ ಕಣ್ಣೇ ಉಳ್ದಿಲ್ಲ. ಆದ್ರೆ ಕೂತೂ ಏನು ಲಾಭ?"

ಅವಳು ನನ್ನ ಕಡೆಗೆ ಮುಖ ತಿರುಗಿಸಿದಳು. ಹುಟ್ಟಿದಾಗಿನಿಂದ ನಾನು ಎಡೆಗೆ ಬೆನ್ನು ತೋರಿಸಿ ನಿಂತವಳು. ಆದರೂ ಹೂಂ ಎಂದೆ.

ಅದು ಶ್ಯಾಮಲಳ ಕೊನೆಯ ಹಿರಿಯರ ಹಬ್ಬ. ದೀಪಾವಳಿಗೆ ಅವಳಿರಲಿಲ್ಲ.

ಅಮಾವಾಸ್ಯೆ ಮಧ್ಯಾಹ್ನ ಮೋಡ ಕವಿದಿತ್ತು. ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ. ಮುನಿರತ್ನಮ್ಮ ಬಾಳೆ ಎಲೆ ತಂದಿದ್ದಳು. ಶ್ಯಾಮಲ ಒಪ್ಪಲಿಲ್ಲ. ಅವನು ಉಣ್ಣುತ್ತಾ ಎದ್ದು ಹೋದ ಆಳವಾದ ಅಲ್ಯೂಮಿನಿಯಂ ಬೋಸಿಯನ್ನೇ ತೊಳೆದು, ಅದರಲ್ಲೇ ಅನ್ನ ಬಡಿಸಿದಳು. ಕೈಯಿಂದ ಮುಟ್ಟಿ ಮುಟ್ಟಿ ಅನ್ನದ ಮೇಲ್ಭಾಗವನ್ನು ಸಮ ಮಾಡಿದಳು. ಪಕ್ಕದಲ್ಲಿ ನೀರಿನ ಲೋಟ. ಹಿತ್ತಲ ಬಾಗಿಲನ್ನು ಅರ್ಧ ತೆರೆಸಿದಳು.

"ಗೋಡೆಗೆ ಒರಗಿ ನೆಲದ ಮೇಲೆ ಕೂತ್ಕೋ ಅಕ್ಕಾ. ಕ್ಯಾಮೆರಾ ಇರೋ ಜಾಗ. ಅಲ್ಲಾಡ್ಬೇಡ."

ಎಲ್ಲರೂ ಹೊರಗೆ ಹೋದರು. ಮುಂಬಾಗಿಲು ಮುಚ್ಚಿತು.

ನಾನು ನೋಡಿದೆ. ಅವಳು ಕಲಿಸಿದ ಹಾಗೆಯೇ ನೋಡಿದೆ. ಬೋಸಿಯ ಅಂಚಿನಲ್ಲಿ ಒಂದು ನೆಗ್ಗು. ಹಬೆ ನೆಟ್ಟಗೆ ಏಳುತ್ತಿತ್ತು. ಹಿತ್ತಲ ಬಾಗಿಲಿನ ಸಂದಿನಲ್ಲಿ ಗುಡ್ಡದ ಬೆಳಕು, ಹಳಸಿದ ಗಂಜಿಯ ಬಿಳುಪು, ನೆಲದ ಮೇಲೆ ಪಟ್ಟಿಯಾಗಿ ಬಿದ್ದಿತ್ತು. ಎಲ್ಲೋ ಒಂದು ಕಾಗೆ ಕೂಗಿ ಅರ್ಧಕ್ಕೆ ನಿಲ್ಲಿಸಿತು. ಆಮೇಲೆ ಹೊರಗಿನವರ ಪಿಸುಮಾತೂ ನಿಂತಿತು.

ನೆಲದಡಿ ಒಂದು ಗುಡುಗು ಬಂತು. ಗಣಿ ಮುಚ್ಚಿ ವರ್ಷಗಳಾದರೂ ಸುರಂಗಗಳಲ್ಲಿ ತುಂಬಿದ ನೀರಿಗೆ ಒಮ್ಮೊಮ್ಮೆ ಹೀಗಾಗುತ್ತದೆ. ಕೆಳಗಿನವರು ಮಗ್ಗುಲಾದರು ಎನ್ನುತ್ತಾರೆ ಲೈನಿನವರು. ಹಲಗೆ ಮೇಲಿನ ತಟ್ಟೆಗಳು ಜಲ್ಲೆಂದವು. ಲೋಟದ ನೀರಿನ ಮೇಲೆ ಬಳೆಯಂಥ ಅಲೆ ಎದ್ದು ಒಳಗೊಳಗೆ ಸಣ್ಣದಾಯಿತು. ನೆಟ್ಟಗಿದ್ದ ಹಬೆ ಹಿತ್ತಲ ಕಡೆಗೆ ಬಾಗಿತು.

ಆಗ ನೆಲದ ಮೇಲಿನ ಬೆಳಕಿನ ಪಟ್ಟಿ ಕಡಿದುಹೋಯಿತು. ಪೂರ್ತಿ ಅಲ್ಲ. ಒಂದು ಪಾದದ ಅಗಲಕ್ಕೆ. ಬಾಗಿಲಾಚೆ ಯಾರೋ ಬಂದು ನಿಂತ ಹಾಗೆ. ನಾನು ಉಸಿರು ಹಿಡಿದು ಕೂತೆ. ಅಲ್ಲಾಡಬೇಡ ಎಂದಿದ್ದಳು. ಅಲ್ಲಾಡಲೂ ಆಗುತ್ತಿರಲಿಲ್ಲ. ಕಣ್ಣು ಉರಿದು, ರೆಪ್ಪೆ ತಾನಾಗಿ ಮುಚ್ಚಿ ತೆರೆಯಿತು. ಪಟ್ಟಿ ಮೊದಲಿನ ಹಾಗೆ ಇಡಿಯಾಗಿತ್ತು. ಹಬೆ ನಿಂತುಹೋಗಿತ್ತು.

ಹೊರಗೆ ಮುನಿರತ್ನಮ್ಮ ಕೆಮ್ಮಿದಳು. ಬಾಗಿಲು ತೆರೆಯಿತು. ಶ್ಯಾಮಲ ಎಲ್ಲರಿಗಿಂತ ಮುಂದೆ, ಗೋಡೆ ಸವರಿಕೊಂಡು ಬಂದು, ನನ್ನ ಪಕ್ಕ ಭುಜಕ್ಕೆ ಭುಜ ತಾಗಿಸಿ ಕೂತಳು. ಸಿನಿಮಾ ನೋಡುವಾಗ ಕೂರುತ್ತಿದ್ದ ಹಾಗೆ, ಮುಖ ಬೋಸಿಯ ಕಡೆಗೆ.

"ಏನು ಕಂಡೆ ಅಕ್ಕಾ? ಇದ್ದಂಗೆ ಯೋಳು."

ಇದ್ದ ಹಾಗೆ ಹೇಳಿದೆ. ನೀರಿನ ಅಲೆ, ಹಬೆ ಬಾಗಿದ್ದು, ಬೆಳಕು ಕಡಿದದ್ದು.

"ಇತ್ಲ ಬಾಗ್ಲತ್ರ ಯಾರಾದ್ರೂ ಇದ್ರಾ?" ಎಂದು ಹೊಸ್ತಿಲ ಕಡೆಗೆ ಕೇಳಿದಳು.

"ಎಲ್ರೂ ಮುಂದ್ಗಡೆ ಇದ್ವಿ. ಬೆಕ್ಕಿರ್ಬೇಕು," ಎಂದಳು ಕನಕ. ಅವಳ ದನಿ ಅವಳದಾಗಿರಲಿಲ್ಲ.

"ಬೋಸಿ ಒಳಗೆ?"

"ಕೂತಿದ್ನಲ್ಲಮ್ಮಾ. ಅಂಚು ಮಾತ್ರ ಕಾಣ್ತೈತೆ."

ಮುನಿರತ್ನಮ್ಮ ಹೊಸ್ತಿಲ ಮೇಲೆ ಮಂಡಿ ಹಿಡಿದುಕೊಂಡು ನಿಂತಿದ್ದಳು. ಒಂದು ಕಾಲು ಒಳಗಿಟ್ಟಳು. "ಇನ್ನೇನು ಕೂತಿದ್ದೀರಾ? ಎದ್ದು ನೋಡ್ರೇ. ಬೆರಳು ಬಿದ್ದೈತಾ ಇಲ್ವಾ?"

ನಾನು ಏಳಲೆಂದು ನೆಲಕ್ಕೆ ಕೈ ಊರಿದೆ. ಬಗ್ಗಿದರೆ ಸಾಕಿತ್ತು, ಅನ್ನ ಕಾಣುತ್ತಿತ್ತು. ಶ್ಯಾಮಲ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಇನ್ನೊಂದು ಕೈಯಿಂದ ಸೆರಗಿನೊಳಗಿನಿಂದ ಏನನ್ನೋ ತೆಗೆದು ನನ್ನ ಮಡಿಲಿಗಿಟ್ಟಳು. ಬೋಸಿಯ ಮುಚ್ಚಳ. ಬೆಳಗಿನಿಂದ ಮೈಗೆ ಒತ್ತಿಕೊಂಡೇ ಇಟ್ಟಿದ್ದಳೇನೋ, ಬೆಚ್ಚಗಿತ್ತು.

"ಏಳ್ಬೇಡಕ್ಕಾ," ಎಂದಳು. "ಕೂತ್ಕೊಂಡೇ ಮುಚ್ಚು. ಕೂತೋರ್ಗೆ ಕಾಣೋ ಅಷ್ಟು ಸಾಕು."